ಕೈ ಕಲಿತ ಏಡಿಗಳು

ಏಡಿಗಳಿಗೆ ಕಣ್ಣಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಪತ್ರಿಕೆಯವರು ಬಂದು, ಯಂತ್ರ ನೀರಿನ ತಳ ನೋಡಿತು, ಸತ್ತವರ ಸುಳಿವು ಹಿಡಿಯಿತು ಎಂದೆಲ್ಲ ಬರೆದು ಹೋದರು. ಮಣ್ಣೂ ಇಲ್ಲ. ಅವುಗಳಿಗೆ ಇದ್ದದ್ದು ಕೈ ಮಾತ್ರ, ಆ ಕೈಯನ್ನು ಅವು ನಮ್ಮಿಂದ ಕಲಿತಿದ್ದವು.

ನಾನು ಕಸ್ತೂರೆವ್ವ ಅಂಬಿಗೇರ. ತಿಮ್ಮಾಪುರದ ಅಂಗನವಾಡಿಯಲ್ಲಿ ಊರ ಅರ್ಧ ಮಕ್ಕಳ ಮೂಗು ಒರೆಸಿ ನಿವೃತ್ತಳಾದವಳು. ನನ್ನ ಗಂಡ ಗುಡ್ಡಪ್ಪ ಊರ ದೊಡ್ಡಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ಊರೆಲ್ಲ ಕುಡಿಯುವುದೂ ಅದೇ ಕೆರೆಯ ನೀರು.

ಕೆರೆಗೆ ಅಂತರಗಂಗೆ ಕಳೆ ಬರುವುದು ಹೊಸ ಸಂಗತಿಯಲ್ಲ. ಆದರೆ ಈ ತಳಿಯೇ ಬೇರೆ. ಎಲ್ಲೋ ದೂರದ ದೊಡ್ಡ ಊರಿನ ಗಟಾರದ ನೀರಿನಿಂದ ವಿಷ ಹೀರಿಸಬೇಕೆಂದು ಯಾರೋ ಬುದ್ಧಿವಂತರು ಪ್ರಯೋಗಾಲಯದಲ್ಲಿ ತಿದ್ದಿ ಮಾಡಿದ ಗಿಡ. ಒಂದು ಮಳೆಗಾಲದಲ್ಲಿ ಒಡ್ಡು ದಾಟಿ ಹೊಳೆಗೆ ಬಿತ್ತು, ಹೊಳೆಯಿಂದ ಕಾಲುವೆಗೆ, ಕಾಲುವೆಯಿಂದ ನಮ್ಮ ಕೆರೆಗೆ. ಎಲೆ ಹರಿದರೆ ಹರಿದ ಚೂರಿನಿಂದ ಹೊಸ ಗಿಡ, ಬೇರು ತುಂಡಾದರೆ ತುಂಡಿನಿಂದ ಇನ್ನೊಂದು. ದೊಡ್ಡ ಕತ್ತರಿ ಯಂತ್ರ ತರಿಸಿ ಕತ್ತರಿಸಿದರು, ಗಿಡಕ್ಕೆ ಹಬ್ಬವಾಯಿತು. ವರ್ಷ ತುಂಬುವುದರೊಳಗೆ ಕೆರೆಯ ಮೇಲೆ ನಾಯಿಗಳು ಓಡಾಡುವಷ್ಟು ದಪ್ಪ ಹಾಸು ಬೆಳೆಯಿತು. ಅಡಿಯಲ್ಲಿ ನೀರು ಉಸಿರುಗಟ್ಟಿ ಮೀನು ಸತ್ತವು. ನಳದ ನೀರು ನಾತ ಹೊಡೆಯಿತು. ಆ ಬೇಸಿಗೆಯಲ್ಲಿ ವಾಂತಿಭೇದಿಗೆ ನನ್ನ ಅಂಗನವಾಡಿಯ ಕೂಸುಗಳೂ ಹೋದವು, ಅವುಗಳ ಹೆಸರು ಇಲ್ಲಿ ಬರೆಯಲಾರೆ.

ಹಾವನೂರ ಮಾಸ್ತರರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವರು. ಅವರು ರವಿವಾರದ ಬಳಗ ಕಟ್ಟಿದರು. ರವಿವಾರ ಮುಂಜಾನೆ ತೆಪ್ಪದಲ್ಲಿ ಹೋಗಿ ಬರಿಗೈಯಿಂದ ಕಳೆ ಕೀಳುವುದು, ಅಷ್ಟೇ. ಆ ಗಿಡ ತುಂಡಾಗದೆ ಬರುವುದು ಕೈಗೆ ಮಾತ್ರ. ಬೇರಿನ ಜಡೆಯ ಕೆಳಗೆ ಬೆರಳು ಇಳಿಸಿ, ಮೆಲ್ಲಗೆ ಅಲುಗಿಸಿ, ಮಲಗಿದ ಕೂಸನ್ನು ಎತ್ತಿದ ಹಾಗೆ ಎತ್ತಬೇಕು. ಇದರಲ್ಲಿ ಗುಡ್ಡಪ್ಪನನ್ನು ಮೀರಿಸಿದವರಿಲ್ಲ. ಯಾವಾಗಲೋ ಬಲೆಯ ಹಗ್ಗ ಕೊಯ್ದು ಅವನ ಬಲಗೈ ತೋರುಬೆರಳು ಸೆಟೆದು ನಿಂತಿತ್ತು, ಮಡಚುತ್ತಿರಲಿಲ್ಲ. ಆದರೂ ಅವನು ಎತ್ತಿದ ಗಿಡದಿಂದ ಒಂದು ಎಲೆ ಉದುರಿದ್ದನ್ನು ಯಾರೂ ಕಂಡಿಲ್ಲ.

"ಕೈ ಕೆಸರಾದರ ಬಾಯಿ ಮೊಸರು ಅಂತಾರ. ನಮಗ ಕೆಸರಷ್ಟ ಸಿಕ್ಕೈತಿ ನೋಡ್ರಿ" ಎಂದು ಮಾಸ್ತರರು ನಗುತ್ತಿದ್ದರು. ನಕ್ಕರೇನು ಬಂತು? ನಾವು ವಾರಕ್ಕೊಮ್ಮೆ ಕೀಳುವುದು, ಅದು ದಿನವೂ ಬೆಳೆಯುವುದು.

ಆಗ ಧಾರವಾಡದ ಕಡೆಯಿಂದ ಡಾಕ್ಟರ್ ಶಬಾನಾ ನದಾಫ್ ಬಂದಳು. ಯಂತ್ರಕ್ಕೆ ಕೆಲಸ ಕಲಿಸುವ ವಿಜ್ಞಾನಿ, ವಯಸ್ಸು ನನ್ನ ಮಗಳಿಗಿಂತ ತುಸು ಹೆಚ್ಚು. ದಂಡೆಯ ಮೇಲೆ ಕೂತು ನಾವು ಕೀಳುವುದನ್ನು ಎರಡು ರವಿವಾರ ನೋಡಿದಳು.

"ಕ್ಯಾಮೆರಾ ಇಟ್ಟರ ಗಿಡ ಕಾಣಸ್ತೈತಿ, ಕೆಲಸ ಕಾಣಸಂಗಿಲ್ಲರಿ. ನಿಮ್ಮ ಕೈಗೆ ಏನ ಗೊತ್ತೈತಿ, ಅದು ನನಗ ಬೇಕು" ಎಂದಳು.

ನಮಗೆಲ್ಲ ತೆಳ್ಳನೆಯ ಕರಿ ಕೈಗವಸು, ನಮ್ಮ ಬಾಯಲ್ಲಿ ಕೈಚೀಲ, ಹಂಚಿದಳು. ಅದರ ಎಳೆ ಎಳೆಯಲ್ಲೂ ಸ್ಪರ್ಶ ಹಿಡಿಯುವ ತಂತು. ಕೈ ಕೆರೆಯ ಯಾವ ಜಾಗದಲ್ಲಿದೆ, ಎಷ್ಟು ಒತ್ತಿತು, ಎಲ್ಲಿ ತಡೆಯಿತು, ಎಲ್ಲಿ ಹಿಂದೆ ಸರಿಯಿತು ಎಲ್ಲ ಅದಕ್ಕೆ ತಿಳಿಯುತ್ತಿತ್ತು. ಯಾವುದು ಯಾರ ಕೈ ಎಂಬುದನ್ನು ಮಾತ್ರ ಅವಳು ಬರೆದಿಟ್ಟುಕೊಳ್ಳಲಿಲ್ಲ. "ಎಲ್ಲಾ ಕೈ ಕೂಡಿ ಒಂದ ಕೈ ಆಗ್ತೈತಿ" ಎಂದಳು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ನಾವು ಆ ಚೀಲ ತೊಟ್ಟು ಕೆಲಸ ಮಾಡಿದೆವು. ನನಗೆ ಸೊಂಟ ಹಿಡಿದಾಗ ಕೆರೆ ಪಕ್ಕದ ಹಳೆಯ ಪಂಪ್‌ಹೌಸಿನಲ್ಲಿ ಪರದೆ ನೋಡುವ ಕೆಲಸ ಕೊಟ್ಟಳು. ಅದಕ್ಕೆ ಕಂಟ್ರೋಲ್ ರೂಮು ಎಂದು ಹೆಸರು, ಒಳಗೆ ಹಲ್ಲಿಗಳದೇ ರಾಜ್ಯ.

ಇನ್ನು ನನ್ನ ಮನೆಯ ಮಾತು, ಕೆರೆಗೆ ಆ ಗಿಡ ಬರುವುದಕ್ಕೂ ಮೊದಲಿನದು. ನನಗೊಬ್ಬಳೇ ಮಗಳು, ಚೈತ್ರಾ. ಡಿಗ್ರಿ ಓದುತ್ತಿದ್ದಳು. ನಮ್ಮೂರ ಮನೆಗಳಿಗೆ ಟೈಲ್ಸ್ ಹಾಕಲು ಬಂದ ಹುಡುಗನೊಬ್ಬನ ಮೇಲೆ ಮನಸ್ಸಿಟ್ಟಳು. ನಾನು ಮೀಟಿಂಗಿಗೆಂದು ಹಾವೇರಿಗೆ ಹೋಗಿ, ಅಕ್ಕನ ಮನೆಯಲ್ಲಿ ಉಳಿದು ಮರುದಿನ ಬರುವಷ್ಟರಲ್ಲಿ ಮನೆಯಲ್ಲಿ ಮಗಳಿರಲಿಲ್ಲ. "ಮುಂಜಾನೆ ಗೋವಾ ಬಸ್ ಹತ್ತಿದ್ಲು, ಅಂವಾ ಜೋಡೀಲೇ ಇದ್ದ, ನಾನ ಕಣ್ಣಾರೆ ನೋಡೀನಿ" ಎಂದ ಗುಡ್ಡಪ್ಪ. ನಾನು ಹಟ ಹಿಡಿದದ್ದಕ್ಕೆ ಗೋವಾಕ್ಕೂ ಹೋಗಿ ಹುಡುಕಿ ಬಂದ. ಸಿಗಲಿಲ್ಲ ಎಂದ. ಟೈಲ್ಸ್ ಕೆಲಸ ಮುಗಿದು ಆ ಹುಡುಗನೂ ಊರು ಬಿಟ್ಟಿದ್ದ. ಊರ ಬಾಯಿಗೆ ಬೀಗ ಹಾಕಲಾದೀತೇ, ತಲೆ ತಗ್ಗಿಸಿ ನಡೆದೆವು.

ಅಂದಿನಿಂದ ನನ್ನ ಬೆಳಗು ಒಂದೇ ರೀತಿ. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತ ಮಗಳನ್ನು ಬೈಯುವುದು. "ಹಡಬಿಟ್ಟಿ, ಎಲ್ಲಿ ಹಾಳಾಗಿ ಹೋದೀ, ಒಂದು ಫೋನ್ ಮಾಡಾಕ ನಿನ್ನ ಕೈಗೆ ಏನ ಬಡದೈತಿ?" ನನ್ನ ಫೋನು ಹಳೆಯದಾದರೂ ನಂಬರು ಬದಲಿಸಿರಲಿಲ್ಲ. ಪಂಚಮಿ ಬಂದರೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ನಾನು ಶೇಂಗಾದುಂಡಿ ಕಟ್ಟಿ ಡಬ್ಬಿ ತುಂಬಿಡುತ್ತಿದ್ದೆ, ಬೂಷ್ಟು ಹಿಡಿದ ಮೇಲೆ ಕೋಳಿಗೆ ಹಾಕುತ್ತಿದ್ದೆ. ಬೈಯುವುದು ನಿಲ್ಲಿಸುತ್ತಿರಲಿಲ್ಲ. ಬೈಯುವವರೆಗೆ ಅವಳು ಎಲ್ಲೋ ಇದ್ದಾಳೆ ಎಂಬ ಧೈರ್ಯ ನನಗೆ. ಗುಡ್ಡಪ್ಪ ಮಾತ್ರ ನನ್ನ ಬೈಗುಳ ಶುರುವಾದರೆ ಅರ್ಧ ಚಹಾ ಬಿಟ್ಟು ಎದ್ದು ಕೆರೆಗೆ ಹೋಗುತ್ತಿದ್ದ. ಮಗಳ ಮೇಲಿನ ಸಿಟ್ಟು ಅಂದುಕೊಂಡಿದ್ದೆ.

ಯುಗಾದಿ ಕಳೆದ ಮೇಲೆ ಯಂತ್ರಗಳು ಬಂದವು. ಬುಟ್ಟಿಯಷ್ಟು ದೊಡ್ಡವು, ನೀರಿನ ಮೇಲೆ ತೇಲುವಂಥವು, ಬಿಸಿಲಿನಿಂದಲೇ ಓಡುವವು. ಎರಡೆರಡು ಕೈ, ಕೈಗೆ ರಬ್ಬರಿನ ಐದೈದು ಬೆರಳು. ಜನ ಏಡಿ ಎಂದು ಹೆಸರಿಟ್ಟರು. ಅವು ಮೊದಲ ಗಿಡ ಎತ್ತಿದಾಗ ದಂಡೆಯಲ್ಲಿ ಎಲ್ಲರೂ ನಕ್ಕರು. ಒಂದೊಂದು ಏಡಿಯೂ ಬಲಗೈ ತೋರುಬೆರಳನ್ನು ಸೆಟೆಸಿ ಮೇಲೆತ್ತಿಕೊಂಡೇ ಕೆಲಸ ಮಾಡುತ್ತಿತ್ತು. ಅಷ್ಟು ಕೈಗಳು ಕಲಿಸಿದ್ದರೂ ಹೆಚ್ಚು ಕಿತ್ತದ್ದು ಗುಡ್ಡಪ್ಪನ ಕೈ, ಹಾಗಾಗಿ ಅವನದೇ ಮೇಲಾಗಿತ್ತು.

"ಗುಡ್ಡಪ್ಪಣ್ಣಾ, ನಿನ್ನ ಮಕ್ಕಳು ಕೆಲಸಕ್ಕ ಬಂದ್ವು ನೋಡೋ" ಎಂದ ಯಾರೋ. ಗುಡ್ಡಪ್ಪ ನಗಲಿಲ್ಲ, ಅವುಗಳ ಕೈಯನ್ನೇ ನೋಡುತ್ತ ನಿಂತಿದ್ದ.

ಬೇಸಿಗೆ ಏರುವುದರೊಳಗೆ ನೀರು ಕಂಡಿತು. ಎಷ್ಟು ವರ್ಷಗಳ ಮೇಲೆ ಕೆರೆಯಲ್ಲಿ ಆಕಾಶದ ಬಣ್ಣ ನೋಡಿದೆ, ಅತ್ತುಬಿಟ್ಟೆ. ಆದರೆ ಮೂರು ಕಡೆ ಹಸಿರು ಉಳಿಯಿತು. ಒಂದೊಂದೂ ರಾಶಿ ಮಾಡುವ ಕಣದಷ್ಟು. ಏಡಿಗಳು ಅದರ ಅಂಚಿಗೆ ಹೋಗುತ್ತಿದ್ದವು, ಕೈ ಚಾಚುತ್ತಿದ್ದವು, ತಡೆದು ಹಿಂದೆ ಬರುತ್ತಿದ್ದವು. ಸುತ್ತಲಿನದನ್ನೆಲ್ಲ ಕಿತ್ತರೂ ಆ ಮೂರು ಕಣಗಳಿಂದ ಕಳೆ ಮತ್ತೆ ಹಬ್ಬುತ್ತಿತ್ತು. ಮಳೆ ಬಂದು ಕೋಡಿ ಬಿದ್ದರೆ ಕೆಳಗಿನ ಊರುಗಳ ಕೆರೆಗಳಿಗೂ ಅದೇ ಗತಿ. ದಂಡೆಯ ಹುಡುಗರು ಇನ್ನೊಂದು ಸುದ್ದಿಯನ್ನೂ ತಂದರು. ಮೂರನೆಯ ಕಣದ ಹತ್ತಿರ ಏಡಿಗಳು ಸುಮ್ಮನೆ ನೀರು ತಟ್ಟುತ್ತವಂತೆ. ನನ್ನ ಪರದೆಯಲ್ಲಿ ಅವು ಬರೀ ಚುಕ್ಕಿ, ಅದೇನೂ ಕಾಣುತ್ತಿರಲಿಲ್ಲ. ಮೋಟಾರಿನ ದೋಷವಿರಬೇಕು ಎಂದಳು ಶಬಾನಾ.

ಬಳಗವನ್ನು ಪಂಪ್‌ಹೌಸಿಗೆ ಕರೆಸಿದಳು.

"ಯಂತ್ರ ಕೆಟ್ಟಿಲ್ಲರಿ. ಈ ಮೂರು ಜಾಗದಾಗ ಕೈ ಹಾಕಬಾರದು ಅಂತ ನೀವ ಅದಕ್ಕ ಕಲಿಸೀರಿ. ಯಾಕ?"

ಮಾಸ್ತರರು ಪರದೆಯ ಮೇಲೆ ಬೆರಳಿಟ್ಟರು. "ಬಡಗಲ ಕಡೀದು ಪೀರಸಾಬ ಮುಳುಗಿದ ಜಾಗರಿ. ತೂಬಿನ ಹತ್ರ ಇದ್ದದ್ದು ತಾಯಿ ಮಗಾ ಬಿದ್ದದ್ದು. ಕೆರಿ ಯಾರನ್ನ ತಗೊಂಡೈತಿ, ಅಲ್ಲೆ ನಾವು ಬಲಿ ಒಗಿಯೂದಿಲ್ಲ, ಎಲಿ ಸೈತ ಕೀಳೂದಿಲ್ಲ. ಹಿಂದಿಂದ ಬಂದದ್ದು."

"ಮತ್ತ ನನಗ್ಯಾಕ ಹೇಳಲಿಲ್ಲ ಸರ?"

ಯಾಕೆ ಹೇಳಲಿಲ್ಲವೆಂದರೆ, ಅದು ಹೇಳುವ ಸಂಗತಿ ಎಂದೇ ನಮಗೆ ಹೊಳೆದಿರಲಿಲ್ಲ. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ ಎಂದು ಯಾರಾದರೂ ವಿಜ್ಞಾನಿಗೆ ಬಿಡಿಸಿ ಹೇಳುತ್ತಾರೆಯೇ? ತೆಪ್ಪ ತಾನಾಗಿ ಸುತ್ತು ಹಾಕುತ್ತಿತ್ತು, ಕೈ ತಾನಾಗಿ ನಿಲ್ಲುತ್ತಿತ್ತು. ಎಲ್ಲರ ಕೈ ನಿಂತದ್ದನ್ನು ಯಂತ್ರ ಪಾಠ ಎಂದು ಕಲಿತಿತ್ತು.

"ಹಂಗಾರ ಮೂರನೇದು ಯಾರದು?" ಎಂದಳು ಶಬಾನಾ.

ಯಾರಿಗೂ ಗೊತ್ತಿರಲಿಲ್ಲ. ಕೆರೆಯ ನಟ್ಟನಡುವೆ, ಹೂಳಿನ ದಿಬ್ಬದ ಆಚೆ. ಅಷ್ಟು ದೂರ ತೆಪ್ಪ ಒಯ್ಯುತ್ತಿದ್ದವನು ಗುಡ್ಡಪ್ಪ ಒಬ್ಬನೇ. ಅಲ್ಲಿ ಯಾರೂ ಸತ್ತ ಸುದ್ದಿ ಇಲ್ಲ. "ಅಲ್ಲೆ ತಳದಾಗ ಜಾಲಿ ಕಂಟಿ ಅದಾವ, ಮುಳ್ಳಿಗೆ ಹೆದರಿ ಯಾರೂ ಕೈ ಹಾಕಿಲ್ಲ" ಎಂದ ಗುಡ್ಡಪ್ಪ. ಸಭೆಯಲ್ಲಿ ಬಾಯಿ ಬಿಡುವ ಮನುಷ್ಯನಲ್ಲ ಅವನು. ನನಗೆ ವಿಚಿತ್ರ ಎನಿಸಿತು, ಅಷ್ಟೇ.

ಏಡಿಗಳಿಗೆ ಬಾಯಿಂದ ಹೇಳಿದರೆ ತಿಳಿಯದು. ಕೈಯಿಂದ ಕಲಿತದ್ದನ್ನು ಕೈಯಿಂದಲೇ ಬಿಡಿಸಬೇಕು. ಯಾರಾದರೂ ಚೀಲ ತೊಟ್ಟು ಆ ಜಾಗಗಳಲ್ಲಿ ಕಳೆ ಕೀಳಬೇಕು, ಹಾಗೆ ಅವುಗಳ ಹಿಂಜರಿಕೆ ಹೋಗುತ್ತದೆ. ಪೀರಸಾಬನ ಮಗ ಫಾತಿಹಾ ಓದಿ ತನ್ನ ತಂದೆಯ ಜಾಗಕ್ಕೆ ಇಳಿದ. ತೂಬಿನ ಕಡೆಯದನ್ನು ಮಾಸ್ತರರು ಹೊತ್ತರು. "ಮೂರನೇದಕ್ಕ ನಾ ಹೋಗ್ತೀನಿ. ಬ್ಯಾರೆ ಯಾರೂ ಬರೂದು ಬ್ಯಾಡ" ಎಂದ ಗುಡ್ಡಪ್ಪ.

ಮರುದಿನ ನಾನು ಪರದೆಯ ಮುಂದೆ ಕೂತಿದ್ದೆ. ಚೀಲ ತೊಟ್ಟ ಕೈ ಪರದೆಯ ಮೇಲೆ ಗೆರೆಯ ಕೈಯಾಗಿ ಮೂಡುತ್ತದೆ. ಮಾಸ್ತರರ ಕೈ ಒಂದೊಂದೇ ಗಿಡ ಕೀಳುತ್ತಿತ್ತು. ಮೂರನೆಯ ಕಣಕ್ಕೆ ಹೋದ ಕೈ ಒಂದು ಗಿಡವನ್ನೂ ಮುಟ್ಟಿರಲಿಲ್ಲ. ತೋರುಬೆರಳು ಮೇಲೆತ್ತಿ, ಅಂಗೈ ಕೆಳಗೆ ಮಾಡಿ, ನೀರಿನ ಮೇಲೆ ಏನೋ ಮಾಡುತ್ತಿತ್ತು.

"ಮೋಟಾರಿನ ದೋಷ ಅಂದಿದ್ದೆನಲ್ಲ ಅಕ್ಕಾ, ಅದ ಇದು. ಏಡಿಗೋಳು ಮಾಡೂದೂ ಹಿಂಗ" ಎಂದಳು ಶಬಾನಾ, ಹುಬ್ಬು ಗಂಟಿಕ್ಕಿ. ಇನ್ನೊಂದು ಚೀಲ ತಂದುಕೊಟ್ಟಳು. ಅದನ್ನು ತೊಟ್ಟರೆ ಅಲ್ಲಿಯ ಕೈ ಮಾಡಿದ್ದು ಇಲ್ಲಿಯ ಕೈಗೆ ಗೊತ್ತಾಗುತ್ತದೆ. "ನೋಡ್ರಿ, ಏನಂತ ತಿಳೀತೈತೇನ."

ಕೈ ಹಾಕಿದೆ. ಅಂಗೈಗೆ ಬಂತು. ಎರಡು ಮೆಲ್ಲಗೆ, ಒಂದು ಒತ್ತಿ, ತುಸು ತಡೆದು ಮತ್ತೆ. ಎರಡು ಮೆಲ್ಲಗೆ, ಒಂದು ಒತ್ತಿ.

ಚೈತ್ರಾ ಕೂಸಿದ್ದಾಗ ನನ್ನ ಹತ್ತಿರ ಮಲಗುತ್ತಿರಲಿಲ್ಲ. ನನ್ನ ಜೋಗುಳಕ್ಕೆ ಇನ್ನೂ ಜೋರಾಗಿ ಅಳುವಳು. ಅಪ್ಪ ಬಂದು ಆ ಸೆಟೆದ ಬೆರಳನ್ನು ಮೇಲೆತ್ತಿ, ಉಳಿದ ಬೆರಳುಗಳಿಂದ ಬೆನ್ನು ತಟ್ಟಬೇಕು. ಎರಡು ಮೆಲ್ಲಗೆ, ಒಂದು ಒತ್ತಿ. ಅಷ್ಟರಲ್ಲಿ ಕಣ್ಣು ಮುಚ್ಚುವಳು. ಆ ತಟ್ಟು ಈ ಭೂಮಿಯ ಮೇಲೆ ಗೊತ್ತಿದ್ದದ್ದು ನಮ್ಮ ಮೂವರಿಗೆ.

ಚೀಲ ಕಳಚಲಿಲ್ಲ. ಶಬಾನಾ ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ. ದಂಡೆಗೆ ಹೋಗಿ ಇನ್ನೊಂದು ತೆಪ್ಪ ಬಿಚ್ಚಿದೆ. ಬಿಸಿಲು ನೆತ್ತಿಗೇರಿತ್ತು. ನಾನೂ ಅಂಬಿಗೇರ ಮನೆಯಲ್ಲಿ ಹುಟ್ಟಿದವಳೇ, ಹುಟ್ಟು ಹಾಕಲು ಬರುತ್ತದೆ. ನನ್ನನ್ನು ಕಂಡು ಗುಡ್ಡಪ್ಪ ನೀರಿನಿಂದ ಕೈ ತೆಗೆದ.

"ಅಕಿ ಎಲ್ಲೆ ಅದಾಳ?" ಎಂದೆ.

ಅವನು ನನ್ನ ಕೈಯಲ್ಲಿದ್ದ ಚೀಲ ನೋಡಿದ.

"ಇಲ್ಲೇ" ಎಂದ.

ಆಮೇಲೆ ತಾನೇ ಹೇಳಿದ, ನಾನು ಏನೂ ಕೇಳಬೇಕಾಗಲಿಲ್ಲ. "ನೀ ಹಾವೇರಿಗೆ ಹೋದ ದಿನ ಸಂಜೀಕ ಆ ಹುಡುಗನ ಸುದ್ದಿ ತಗದ್ಲು. ನಾ ಬಾಯಿಗೆ ಬಂದಂಗ ಬೈದೆ. ಹೋಗ, ಕೆರಿ ಭಾವಿ ನೋಡ್ಕೋ ಅಂದೆ. ಯಾರ ಮನ್ಯಾಗ ಅನ್ನೂದಿಲ್ಲ ಹೇಳ ಆ ಮಾತ? ಮುಂಜಾನೆ ಬಲಿ ಎತ್ತಾಕ ಬಂದೆ. ಬಲಿ ಭಾರ ಇತ್ತು. ದೊಡ್ಡ ಮೀನ ಬಿದ್ದೈತಿ ಅಂತ ಖುಷಿ ಆತು ಕಸ್ತೂರಿ. ನನಗ ಖುಷಿ ಆತು."

ಅದೇ ಬಲೆಯಲ್ಲಿ ಸುತ್ತಿ, ತೆಪ್ಪ ಕಟ್ಟುವ ಗುಂಡುಕಲ್ಲು ಕಟ್ಟಿ ಅಲ್ಲೇ ಇಳಿಸಿದ್ದ. ಮಗಳ ಫೋನನ್ನೂ ಜೊತೆಗೇ ಬಿಟ್ಟಿದ್ದ.

"ಯಾಕ ಹೇಳಲಿಲ್ರಿ ನನಗ?"

"ಓಡಿ ಹೋಗ್ಯಾಳ ಅಂದ್ರ ಬೈಕೋತರ ಬದುಕ್ತೀ ಅಂದ್ಕೊಂಡೆ. ಸತ್ತಾಳ ಅಂದ್ರ ನೀ ಉಳೀತಿದ್ದಿಲ್ಲ. ನನ್ನ ಮಾತಿಗೆ ಸತ್ತಾಳ ಅಂತ ಗೊತ್ತಾದ್ರ ನೀ ನನ್ನ ಮಾರಿ ನೋಡ್ತಿದ್ದಿಲ್ಲ."

"ಹಂಗಾರ ಸುಳ್ಳು ನಿನಗ ಬೇಕಾಗಿತ್ತು" ಎಂದೆ. ಮದುವೆಯಾದಾಗಿನಿಂದ ಅವನನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ದಿನಾ ಮುಂಜಾನೆ ಅಕಿನ್ನ ಬೈತಿದ್ನೆಲ್ಲೋ. ಇಲ್ಲೆ ಮಲಗಿದ್ದ ಕೂಸಿಗೆ ಹಡಬಿಟ್ಟಿ ಅಂತಿದ್ದೆ. ಚಹಾ ಕುಡ್ಕೋತ ಕೇಳಿದೆಲ್ಲೋ ನೀ."

ತೆಪ್ಪದ ಅಂಚಿನ ಮೇಲೆ ಅವನ ಕೈ ತನ್ನಷ್ಟಕ್ಕೆ ತಟ್ಟತೊಡಗಿತು. ಅದನ್ನು ನೋಡಲಾಗದೆ ನಾನು ನೀರಿಗೆ ಬಾಗಿದೆ.

ಕೀಳತೊಡಗಿದೆ. ಬೇರಿನ ಜಡೆಯ ಕೆಳಗೆ ಬೆರಳು ಇಳಿಸಿ, ಅಲುಗಿಸಿ, ಎತ್ತಿ ತೆಪ್ಪಕ್ಕೆ ಹಾಕಿದೆ. ಮತ್ತೊಂದು, ಮತ್ತೊಂದು. ಆ ಜಾಗದ ಗಿಡಗಳ ಬೇರು ಉದ್ದವಾಗಿ, ಕಪ್ಪಾಗಿ ಬೆಳೆದಿದ್ದವು. ತೆಪ್ಪ ತುಂಬಿದಾಗ ಮಾಸ್ತರರ ತೆಪ್ಪಕ್ಕೆ ಹಾಕಿದೆ, ಅವರು ಯಾವಾಗ ಬಂದರೋ ಗೊತ್ತಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಒಂದು ಬೇರಿನ ಜೊತೆ ನೈಲಾನಿನ ಬಲೆಯ ತುದಿ ಎದ್ದುಬಂತು. ಬೇರುಗಳು ಬಲೆಯ ಕಣ್ಣು ಕಣ್ಣಲ್ಲೂ ಹೆಣೆದುಕೊಂಡಿದ್ದವು. ಎಳೆಯಬೇಡ ಎಂದರು ಮಾಸ್ತರರು, ಪೊಲೀಸರಿಗೆ ಹೇಳಿ ಕಳಿಸಿದರು. ನಾನು ಅದನ್ನು ಹಿಡಿದುಕೊಂಡೇ ಕೂತಿದ್ದೆ.

ಮರುದಿನ ಪಂಚನಾಮೆ, ಆಸ್ಪತ್ರೆ, ಆಮೇಲೆ ಮಣ್ಣು. ಗುಡ್ಡಪ್ಪ ತಾನಾಗಿಯೇ ಠಾಣೆಗೆ ಹೋಗಿ ಕೂತ. ಅವನೇ ಕೊಂದ ಎನ್ನುತ್ತಾರೆ ಪೊಲೀಸರು. ಎಲುಬು ಯಾವುದನ್ನೂ ಹೇಳುವುದಿಲ್ಲ. ನಾನು ಅವನ ಮಾತು ನಂಬುತ್ತೇನೆ. ನಂಬುವುದು ಬೇರೆ, ಕ್ಷಮಿಸುವುದು ಬೇರೆ.

ಮಳೆಗೆ ಮೊದಲು ಕೆರೆ ಪೂರ್ತಿ ಸ್ವಚ್ಛವಾಯಿತು. ನನ್ನ ಒಂದು ದಿನದ ಪಾಠ ಏಡಿಗಳಿಗೆ ಸಾಕಾಗಿತ್ತು, ಮೂರನೆಯ ಜಾಗಕ್ಕೆ ಈಗ ಅಂಜದೆ ಹೋಗುತ್ತವೆ, ಒಂದು ಎಲೆಯನ್ನೂ ಬಿಡುವುದಿಲ್ಲ. ಆದರೆ ಕಿತ್ತ ಮೇಲೆ ಅಲ್ಲಿ ನಿಂತು ನೀರು ತಟ್ಟುತ್ತವೆ. ಅದನ್ನು ತೆಗೆದುಹಾಕು ಎಂದೆ ಶಬಾನಾಗೆ. ಅವಳು ಎಷ್ಟೋ ದಿನ ಒದ್ದಾಡಿದಳು.

"ಆಗಂಗಿಲ್ಲ ಅಕ್ಕಾ. ತಟ್ಟೂದನ್ನ ತಗದ್ರ ಎತ್ತೂದೂ ಹೋಗ್ತೈತಿ. ಎರಡೂ ಒಂದ ಕೈಯಿಂದ ಬಂದಾವು" ಎಂದಳು, ನನ್ನ ಮುಖ ನೋಡದೆ.

ಊರಿಗೆ ನೀರು ಬೇಕು. ಕೂಸುಗಳು ಬದುಕಬೇಕು. ಇರಲಿ ಬಿಡು ಎಂದೆ. ಕೆಳಗಿನ ಕೆರೆಗಳಿಗೂ ಏಡಿಗಳು ಹೋದವು. ಅಲ್ಲಿಯೂ ನಡುನೀರಿನಲ್ಲಿ ಎಲ್ಲೋ ಒಂದು ಕಡೆ ನಿಂತು ತಟ್ಟುತ್ತವಂತೆ. ಅಲ್ಲಿಯ ಜನ ಮಕ್ಕಳನ್ನು ಕರೆದುಕೊಂಡು ಬಂದು ತೋರಿಸಿ ನಗುತ್ತಾರಂತೆ.

ನಾನೀಗ ಬೈಯುವುದಿಲ್ಲ. ರೊಟ್ಟಿ ಬಡಿಯುವಾಗ ಬಾಯಿ ಅಭ್ಯಾಸಬಲದಿಂದ ತೆರೆಯುತ್ತದೆ, ಮತ್ತೆ ಮುಚ್ಚುತ್ತೇನೆ. ಈ ಸಲ ಪಂಚಮಿಗೆ ಉಂಡಿ ಕಟ್ಟಲಿಲ್ಲ.

ಪಂಚಮಿ ಮುಗಿದ ಮೇಲೆ ಜೈಲಿಗೆ ಹೋದೆ, ಅದೇ ಮೊದಲ ಸಲ. ಜಾಳಿಗೆಯ ಆಚೆ ಗುಡ್ಡಪ್ಪ ಸೊರಗಿ ನಿಂತಿದ್ದ. ಅವನ ಕೈ ಜಾಳಿಗೆಯ ಮೇಲಿತ್ತು, ಬೆರಳು ಮೆಲ್ಲಗೆ ಆಡುತ್ತಿದ್ದವು. ಎರಡು ಮೆಲ್ಲಗೆ, ಒಂದು ಒತ್ತಿ.

"ಕಸ್ತೂರಿ, ಏಡಿಗೋಳು ಇನ್ನೂ ಅಲ್ಲೆ ತಟ್ತಾವೇನ?" ಎಂದು ಕೇಳಿದ. ಕೇಳುವಾಗ ಅವನ ಕಣ್ಣಲ್ಲಿ ಎಂಥ ಆಸೆ ಇತ್ತೆಂದರೆ, ಒಂದು ಗಳಿಗೆ ನನ್ನ ಕರುಳೂ ಕರಗಿತು. ಅವನಿಗೆ ಉಳಿದದ್ದು ಅದೊಂದೇ. ತಾನಿಲ್ಲದಿದ್ದರೂ ಅವಳನ್ನು ತಟ್ಟಿ ಮಲಗಿಸಲು ಯಾರೋ ಇದ್ದಾರೆ ಎಂಬುದು.

ಮಗಳು ಎಲ್ಲೋ ಇದ್ದಾಳೆ ಎಂದು ನಾನೂ ಹಾಗೆಯೇ ಬದುಕಿದ್ದೆ.

"ಇಲ್ಲ. ಅಳಿಸಿ ಹಾಕ್ಯಾರ" ಎಂದೆ.

ಜಾಳಿಗೆಯ ಮೇಲೆ ಅವನ ಕೈ ನಿಂತಿತು. ನಾನು ಸೆರಗು ಸರಿಮಾಡಿಕೊಂಡು, ಊರಿನ ಬಸ್ಸು ಹಿಡಿಯಲು ಹೊರಟೆ.